ಅನಸುಬಾಯಿ ಹೂಂ ಅನ್ನಲಿಲ್ಲ

೧೨ ಜನವರಿ ೨೦೨೬, ಸೋಮವಾರ, ವಾಡಿ

ಧೂಳಾಸುರನ ಕಥೆಯನ್ನು ನನಗೆ ಮೊದಲು ಹೇಳಿದವಳು ಸೊಸೆ ಯಶೋಧರಾ, ಮೊನ್ನೆ ಶನಿವಾರ, ತನ್ನ ಕಾಮಿಕ್ಸ್ ಪುಸ್ತಕದ ಚಿತ್ರ ತೋರಿಸುತ್ತ. ನಿನ್ನೆ ಸಂಜೆ ಅದನ್ನೇ ಕಟ್ಟೆಯ ಮೇಲೆ ಓಣಿಯವರಿಗೆ ಹೇಳಿದೆ. ಎಂದಿನಂತೆ ನೆರೆಮನೆಯ ಅನಸುಬಾಯಿ ಹೂಂಗುಟ್ಟುತ್ತಿದ್ದಳು. ಕಾರ್ಖಾನೆಯ ಧೂಳು ತನ್ನ ಊರನ್ನು ಮುಚ್ಚಿತೆಂದು ಆ ಖಳ ಇಡೀ ಪಟ್ಟಣದ ಮೇಲೆ ಧೂಳು ಸುರಿದ. ಹೂಂ. ಏನೂ ಅರಿಯದ ಕೂಸುಗಳೂ ಕೆಮ್ಮಿ ಬಿದ್ದವು. ಹೂಂ. ಹಾರುವ ವೀರ ಬಂದು ಅವನನ್ನು ಗಾಜಿನ ಕೋಣೆಯಲ್ಲಿ ಕೂಡಿಹಾಕಿದ. ಹೂಂ ಬರಲಿಲ್ಲ.

ಹೂಂ ಬಾರದೆ ನನಗೆ ಮುಂದಿನ ಮಾತು ಹೊರಡುವುದಿಲ್ಲ.

"ಕಥಿ ಮುಗಸ್ರಿ ಕಾಕಾ, ಸೊಳ್ಳಿ ನಮಗೇ ಮುಗಸ್ಲಾಕತ್ಯಾವ," ಅಂದ ಪಕ್ಕದಲ್ಲಿ ಕೂತಿದ್ದ ಹುಡುಗ ದಶರಥ.

"ಅಂವ ತಪ್ಪು ಮಾಡ್ಯಾನ, ಖರೆ ಯಣ್ಣಾ," ಅಂದಳು ಅನಸುಬಾಯಿ. "ಒಳಗ ಅವನಿಗಿ ನೋಡ್ಲಾಕ ಯಾರರ ಹೋಗ್ತಾರೇನು?"

ನಾಲಿಗೆ ಕಚ್ಚಿಕೊಂಡೆ. ಅವಳ ಮಗ ದೇವಾನಂದ ಊರಿಗೆ ಧೂಳು ಉಗುಳುತ್ತಿದ್ದ ಕಲ್ಲಿನ ಕ್ರಷರಿಗೆ ಬೆಂಕಿ ಹಚ್ಚಿ ಕಲಬುರಗಿ ಜೈಲಿನಲ್ಲಿದ್ದಾನೆ. ಕ್ರಷರಿನ ಶೆಡ್ಡಿನಲ್ಲಿ ಮಲಗಿದ್ದ ಬಡ ಕಾವಲುಗಾರ ಮೈ ಸುಟ್ಟುಕೊಂಡಿದ್ದ. "ಅಂವ ನನ್ನ ಮಗನೇ ಅಲ್ಲ" ಎಂದ ಅವಳು ಒಮ್ಮೆಯೂ ಅವನನ್ನು ನೋಡಲು ಹೋಗಿರಲಿಲ್ಲ.

ಪುಸ್ತಕದಲ್ಲೂ ಧೂಳಾಸುರನ ಬಳಿಗೆ ಯಾರೂ ಹೋಗುವುದಿಲ್ಲ. ಹೋದರೆಂದು ಸುಳ್ಳು ಸೇರಿಸಲು ನನಗೆ ಬಾಯಿ ಬರಲಿಲ್ಲ. ಕಥೆ ಅಲ್ಲೇ ನಿಂತಿತು. ಆಗಿನಿಂದ ಆ ಗಾಜಿನ ಕೋಣೆಯಲ್ಲಿ ನಾನೇ ಕೂತಂತಿದೆ.

ಇವತ್ತು ಬೆಳಿಗ್ಗೆ ಅನಸುಬಾಯಿ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಳು. ದಶರಥ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಕಲಬುರಗಿ ಬಸ್ಸು ಹತ್ತಿಸಿ ಬಂದ.