ಮಡಚದ ಮಂಚ

9 ಜನವರಿ 2006, ಸೋಮವಾರ. ಮಧ್ಯಾಹ್ನ 12

ಎರಡು ಗಂಟೆ ನಿದ್ದೆ. ಅಷ್ಟೇ. ರಾತ್ರಿಯೆಲ್ಲಾ ಕಾಲ್ ಸೆಂಟರಿನಲ್ಲಿ ಅಮೆರಿಕದವರ ಕ್ರೆಡಿಟ್ ಕಾರ್ಡಿನ ಬೈಗುಳ ಕೇಳಿ, ಮಂಜಿನಲ್ಲಿ ಗುರಗಾಂವ್‌ನಿಂದ ಕ್ಯಾಬಿನಲ್ಲಿ ತೆವಳಿಕೊಂಡು ಬಂದು, ಒಂಬತ್ತಕ್ಕೆ ಮಲಗಿದವಳು. ಹನ್ನೊಂದಕ್ಕೆ ಅಮ್ಮ ಎಬ್ಬಿಸಿದಳು. "ಲಾವಣ್ಯಾ, ಏಳೇ. ಗಿರಿಜಮ್ಮ ಬಂದಿದಾರೆ. ಮಂಚ ಮಡಚಬೇಕು."

ಕೆಳಗಿನ ಮನೆಯ ಗಿರಿಜಮ್ಮ ಬಂದರೆ ನಾನು ಏಳಬೇಕು, ಮಂಚ ಮಡಚಿ ಗೋಡೆಗೆ ಒರಗಿಸಬೇಕು, ಆ ಜಾಗದಲ್ಲಿ ಮಡಚುವ ಕುರ್ಚಿ ಬಿಚ್ಚಬೇಕು. ಈ ಮನೆಯಲ್ಲಿ ಎಲ್ಲವೂ ಮಡಚುತ್ತದೆ. ಮಂಚ, ಕುರ್ಚಿ, ಊಟದ ಮೇಜು. "ಕ್ವಾರ್ಟರ್ಸ್ ನಮ್ಮದಲ್ಲ, ಯಾವತ್ತಿದ್ರೂ ಬಿಡಬೇಕು" — ಅಪ್ಪನ ನಿತ್ಯ ಪಾರಾಯಣ. ಸರೋಜಿನಿ ನಗರದ ಇದೇ ಮನೆಗೆ ಬಂದು ಇಪ್ಪತ್ತೈದು ವರ್ಷವಾಯಿತು! ಮಡಚದೇ ಇರುವುದು ಅಪ್ಪನ ಮಾತೊಂದೇ.

ಒಳಗೊಂದು ಪುಟ್ಟ ಕೋಣೆ ಇದೆ. ಅದರಲ್ಲಿ ನಾಲ್ಕು ಟ್ರಂಕುಗಳಿವೆ. ಹೊಸ ಬೆಡ್‌ಶೀಟು, ಹೊಸ ಪಾತ್ರೆ, ಹೊಸ ಪರದೆ — ಎಲ್ಲ "ಊರಿನ ಮನೆಗೆ". ಚಿತ್ರದುರ್ಗದಲ್ಲಿ ಆ ಮನೆಗೆ ಇನ್ನೂ ತಾರಸಿಯೇ ಬಿದ್ದಿಲ್ಲ. ಟ್ರಂಕಿಗೆ ಕೋಣೆ ಇದೆ, ನನಗಿಲ್ಲ.

14 ಜನವರಿ, ಸಂಕ್ರಾಂತಿ

ತಮ್ಮ ಶ್ರೇಯಸ್ ಬೈಕ್ ತಂದ. ಕೆಂಪು. ಚಕ್ರದಡಿ ನಿಂಬೆಹಣ್ಣು ಇಟ್ಟು ಅಪ್ಪನೇ ತೆಂಗಿನಕಾಯಿ ಒಡೆದರು. ಅವನ ಸಂಬಳ ಒಂಬತ್ತು ಸಾವಿರ, ಮೂರು ವರ್ಷದ ಕಂತು. ಯಾರೂ ಒಂದು ಮಾತು ಕೇಳಲಿಲ್ಲ. "ಗಂಡು ಹುಡುಗ, ಓಡಾಡ್ಬೇಕಲ್ಲ."

ನನ್ನ ಸಂಬಳ ಹದಿನಾಲ್ಕು. ಐದು ಮನೆಗೆ. ನಾಲ್ಕು ಪೋಸ್ಟಾಫೀಸಿನ ಆರ್.ಡಿ.ಗೆ, "ನಿನ್ನ ಮದುವೆ ಬಂಗಾರಕ್ಕೆ". ಉಳಿದದ್ದು ನನ್ನದು ಅಂತ ಅಂದುಕೊಂಡಿದ್ದೆ. ಎಳ್ಳುಬೆಲ್ಲ ಬಾಯಲ್ಲಿ ಇರುವಾಗಲೇ ಹೇಳಿಬಿಟ್ಟೆ, ಒಂದು ಮಂಚ ಕೊಳ್ಳುತ್ತೇನೆ ಎಂದು.

"ಮಂಚ ಇದೆಯಲ್ಲ," ಅಪ್ಪ.

"ಅದು ಮಡಚೋದು."

"ಮಾರ್ಚ್‌ಗೆ ರಿಟೈರ್ ಆಗ್ತೀನಿ. ಜುಲೈಗೆ ಈ ಮನೆ ಖಾಲಿ ಮಾಡ್ಬೇಕು. ನಾವೆಲ್ಲ ದುರ್ಗಕ್ಕೆ ಹೋಗೋರು. ಆರು ತಿಂಗಳಿಗೆ ಮಂಚ ಬೇರೆ ಕೇಡು."

"ನಾವೆಲ್ಲ ಅಂದ್ರೆ?"

"ನಾನು, ನಿಮ್ಮಮ್ಮ, ನೀನು. ಅವನು ಇಲ್ಲೇ ಪಿ.ಜಿ.ಲಿ ಇರ್ತಾನೆ."

ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ಆಡಲಿಲ್ಲ. ಎದ್ದು ಹೋದೆ. ದುರ್ಗಕ್ಕೆ ಹೋಗುತ್ತೀಯಾ ಎಂದು ನನ್ನನ್ನು ಯಾರು ಕೇಳಿದರು? ಯಾವಾಗ?

5 ಫೆಬ್ರವರಿ, ಭಾನುವಾರ

ಕೀರ್ತಿ ನಗರದ ಫರ್ನಿಚರ್ ಮಾರ್ಕೆಟ್. ಜೊತೆಗೆ ಧನ್ಯಾ — ಆಫೀಸಿನಲ್ಲಿ ಪಕ್ಕದ ಸೀಟು, ಜನಕಪುರಿಯಲ್ಲಿ ಒಬ್ಬಳೇ ರೂಮು ಮಾಡಿಕೊಂಡಿದ್ದಾಳೆ. ಶೀಶಮ್ ಮರದ ದಿವಾನ್ ಮಂಚ. ಆರೂವರೆ ಅಡಿ ಉದ್ದ, ಮೂರಡಿ ಅಗಲ.

"ನಟ್-ಬೋಲ್ಟ್ ಲಗಾ ದೂಂ, ಮೇಡಂ? ಬೇಕಾದಾಗ ಬಿಚ್ಚಬಹುದು," ಅಂದ ಬಡಗಿ, ಅವನ ಹಿಂದಿಯಲ್ಲಿ.

"ಬೇಡ ಭಯ್ಯಾ. ಬಿಚ್ಚೋದು, ಮಡಚೋದು ಏನೂ ಬೇಡ. ಒಂದೇ ತುಂಡು."

ಹನ್ನೊಂದು ಸಾವಿರ. ಅಡ್ವಾನ್ಸ್ ಕೊಟ್ಟೆ. ನೋಟು ಮೂರು ಸಲ ಎಣಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ವಾಪಸ್ ಬರುವಾಗ ಮೆಟ್ರೋದಲ್ಲಿ ಒಬ್ಬಳೇ ನಗುತ್ತಿದ್ದೆ.

25 ಫೆಬ್ರವರಿ, ಶನಿವಾರ

ಇವತ್ತಿನ ತಮಾಷೆ ಇಡೀ ಬ್ಲಾಕು ನೋಡಿತು.

ಟೆಂಪೋದಿಂದ ಇಳಿಸಿ ಇಬ್ಬರು ಹೊತ್ತು ಬಂದರು. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ನಿಲ್ಲಿಸಿದರು, ಮಲಗಿಸಿದರು, ಓರೆ ಮಾಡಿದರು. ಊಹುಂ. ಕೋಣೆ ಅಳೆದಿದ್ದೆ, ಬಾಗಿಲು ಅಳೆದಿದ್ದೆ. ಮೆಟ್ಟಿಲು? ಹುಟ್ಟಿದಾಗಿನಿಂದ ಹತ್ತಿ ಇಳಿದ ಮೆಟ್ಟಿಲನ್ನು ಯಾರಾದರೂ ಅಳೆಯುತ್ತಾರಾ?

"ಅರೇ ಯಾರ್, ಅಕ್ಕಾ! ಬೋಲ್ಟ್ ವಾಲಾ ತಗೋಬೇಕಿತ್ತು ನಾ," ಶ್ರೇಯಸ್ ಬಿದ್ದು ಬಿದ್ದು ನಕ್ಕ.

ಮೇಲಿನಿಂದ ಅಪ್ಪನ ದನಿ. ಪೇಪರಿನಿಂದ ಕಣ್ಣು ಕೂಡ ಎತ್ತಿರಲಿಕ್ಕಿಲ್ಲ. "ಐದೂಕಾಲು ಅಡಿಗಿಂತ ಉದ್ದದ್ದು ಅಲ್ಲಿ ತಿರುಗಲ್ಲ. ವಾಪಸ್ ಕಳ್ಸು."

ವಾಪಸ್ ಕಳಿಸುವುದಾ! ಮಾರ್ಕೆಟ್ಟಿಗೆ ಓಡಿ ಹಗ್ಗ ತಂದೆ. ಬಾಲ್ಕನಿಯ ಕಂಬಿಗೆ ಗೋಣಿಚೀಲ ಸುತ್ತಿ, ಮೇಲೆ ನಾಲ್ಕು ಜನ, ಕೆಳಗೆ ಇಬ್ಬರು. ಮಂಚ ಗಾಳಿಯಲ್ಲಿ ತೂಗುತ್ತಾ ಎರಡನೇ ಮಹಡಿಗೆ ಏರಿತು. ಎದುರು ಬ್ಲಾಕಿನವರು ಕುರ್ಚಿ ತಂದು ಹಾಕಿಕೊಂಡಿದ್ದರು.

ಗಿರಿಜಮ್ಮ ಕೆಳಗಿನಿಂದ ಕೂಗಿದರು, "ಏನಮ್ಮಾ ಲಾವಣ್ಯಾ, ಮದುವೆಗೆ ಮುಂಚೇನೇ ಮಂಚಾನಾ?"

"ಹೂಂ ಆಂಟಿ. ನಿದ್ದೆ ಮಾಡೋಕೆ ಮದುವೆ ಬೇಕಾಗಿಲ್ಲ."

ಎಲ್ಲರಿಗೂ ಕೇಳಿಸಿತು. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

2 ಮಾರ್ಚ್, ಗುರುವಾರ. ಸಂಜೆ 5

ಆರು ಗಂಟೆ ನಿದ್ದೆ! ಪುಟ್ಟ ಕೋಣೆಯಲ್ಲಿ ಟ್ರಂಕಿನ ಮೇಲೆ ಟ್ರಂಕು ಪೇರಿಸಿ ಜಾಗ ಮಾಡಿದೆ. ಬಾಗಿಲಿಗೆ ಚಿಲಕ. ಅಪ್ಪ ಐದು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಎಲ್ಲ ಅಮ್ಮನ ಮೂಲಕ — "ಅವಳಿಗೆ ಹೇಳು, ಗೀಸರ್ ಆಫ್ ಮಾಡಕ್ಕೆ."

ಬಾಗಿಲು ತೆಗೆದಾಗ ಅಮ್ಮ ಚಹಾ ತಂದಳು. ಮಂಚದ ಅಂಚಿನಲ್ಲಿ ಕೂತಳು, ಅರ್ಧ ಮಾತ್ರ, ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತ ಹಾಗೆ.

"ಆ ತಿರುವಿನ ಅಳತೆ ಅಪ್ಪಂಗೆ ಹೇಗೆ ಗೊತ್ತು?" ಕೇಳಿದೆ.

ಅಮ್ಮ ಹಾಸಿಗೆಯ ಸುಕ್ಕು ಸವರಿದಳು. "ನೀನು ಹೊಟ್ಟೇಲಿದ್ದಾಗ ನಂಗೆ ಸೊಂಟನೋವು. ನೆಲದ ಮೇಲೂ ಆಗ್ತಿರ್ಲಿಲ್ಲ, ಮಡಚೋ ಮಂಚದಲ್ಲೂ ಆಗ್ತಿರ್ಲಿಲ್ಲ. ಒಳ್ಳೆ ಮರದ ಮಂಚ ತರ್ತೀನಿ ಅಂತ ಆಫೀಸಿಂದ ಟೇಪು ತಂದು ಮೆಟ್ಟಿಲು ಅಳೆದ್ರು. ತಿರುಗಲ್ಲ ಅಂತ ಬಿಟ್ರು."

"ಹಗ್ಗ ಕಟ್ಟಿ ಎಳೀಬಹುದಿತ್ತಲ್ಲ?"

"ನಾನೂ ಅದೇ ಅಂದೆ. ಜನ ನೋಡ್ತಾರೆ ಅಂದ್ರು."

ಚಹಾ ಕೆಳಗಿಟ್ಟೆ. ಜನ ನೋಡುತ್ತಾರೆ. ಅದಕ್ಕೆ ಇಪ್ಪತ್ತನಾಲ್ಕು ವರ್ಷ ಅಮ್ಮ ಆ ತಗ್ಗುಬಿದ್ದ ಮಂಚದಲ್ಲಿ ಮಲಗಿದಳು. ಸಿಟ್ಟು ಬರುತ್ತಿದೆ. ತುಂಬಾ. ಅಪ್ಪ ಸರಿಯಾಗಿ ಅಳೆದು ಕೈಬಿಟ್ಟರು. ನಾನು ಅಳೆಯದೇ ತಂದು, ಮೇಲೆ ಹತ್ತಿಸಿದೆ.

31 ಮಾರ್ಚ್, ಶುಕ್ರವಾರ

ಅಪ್ಪ ರಿಟೈರ್ ಆದರು. ಚೆಂಡುಹೂವಿನ ಹಾರ, ಒಂದು ಗೋಡೆ ಗಡಿಯಾರ, ಆಫೀಸಿನ ಕಾರಿನಲ್ಲಿ ಮನೆಯವರೆಗೆ. ಹಾರ ತೆಗೆಯದೇ ಕೂತು ನೋಟ್‌ಪುಸ್ತಕ ತೆಗೆದರು. ತಾರಸಿಗೆ ಎಷ್ಟು ಕಮ್ಮಿ ಬಿತ್ತು, ನನ್ನ ಆರ್.ಡಿ. ಮುರಿದರೆ ಎಷ್ಟು ಬರುತ್ತದೆ.

"ಆರ್.ಡಿ. ಕೊಡಲ್ಲ ಅಪ್ಪ. ದುರ್ಗಕ್ಕೂ ಬರಲ್ಲ. ಧನ್ಯಾ ಜೊತೆ ಜನಕಪುರೀಲಿ ಇರ್ತೀನಿ."

ಇವತ್ತೇ ಹೇಳಬಾರದಿತ್ತು. ಗೊತ್ತು. ಹೇಳಿದೆ.

ಒಂದು ತಿಂಗಳಾದ ಮೇಲೆ ಅಪ್ಪ ನೇರವಾಗಿ ನನ್ನ ಜೊತೆ ಆಡಿದ ಮೊದಲ ಮಾತು: "ಹಾಗಾದ್ರೆ ಆ ಮಂಚ ಹೊತ್ಕೊಂಡು ಎಲ್ಲಿಗಾದ್ರೂ ಹೋಗು."

"ಹೋಗ್ತೀನಿ."

11 ಜೂನ್, ಭಾನುವಾರ. ಬೆಳಿಗ್ಗೆ 10

ನಿನ್ನೆ ನಲವತ್ನಾಲ್ಕು ಡಿಗ್ರಿ. ಬರೆಯದೆ ಎರಡು ತಿಂಗಳಾಯಿತು. ಬರೆಯುವುದಕ್ಕೆ ಏನಿತ್ತು, ಮನೆಯಲ್ಲಿ ಮಾತೇ ಇಲ್ಲ.

ಇವತ್ತು ಶಿಫ್ಟ್ ಮುಗಿಸಿ ಬಂದರೆ ನನ್ನ ಮಂಚದಲ್ಲಿ ಅಮ್ಮ. ಕೈಕಾಲು ಚಾಚಿ, ಬಾಯಿ ತೆರೆದು, ಗಾಢ ನಿದ್ದೆ. ಟ್ರಂಕಿನಿಂದ ಬೆಡ್‌ಶೀಟು ತೆಗೆದು ಹಾಸಿದ್ದಾಳೆ, ಊರಿನ ಮನೆಯದ್ದು! ಮಡಿಕೆಯ ಗೆರೆಗಳಲ್ಲೆಲ್ಲ ಹಳದಿ.

ಎಬ್ಬಿಸಲಿಲ್ಲ. ನೆಲದ ಮೇಲೆ ಒರಗಿ ಅರ್ಧ ಕಣ್ಣು ಮುಚ್ಚಿದೆ. ಅಪ್ಪ ಏನೋ ಕೇಳಲು ಬಂದವರು ಬಾಗಿಲಲ್ಲಿ ನಿಂತರು. ನಾನು ಮಲಗಿದ್ದೇನೆ ಅಂದುಕೊಂಡರು. ತುಂಬಾ ಹೊತ್ತು ಅಮ್ಮನನ್ನೇ ನೋಡಿದರು. ಫ್ಯಾನ್ ಜೋರು ಮಾಡಿ ಹೋದರು.

16 ಜುಲೈ, ಭಾನುವಾರ

ಅಪ್ಪ ಲಾರಿಗೆ ಪಟ್ಟಿ ಬರೆಯುತ್ತಿದ್ದಾರೆ. ತಾರಸಿ ಬೀಳುವವರೆಗೆ ದುರ್ಗದಲ್ಲಿ ಬಾಡಿಗೆ ಮನೆಯಂತೆ. ಟ್ರಂಕು ನಾಲ್ಕು, ಮಡಚುವ ಕುರ್ಚಿ ಆರು... ಒಟ್ಟು ಮೂವತ್ತೆಂಟು ಸಾಮಾನು. ಇಣುಕಿ ನೋಡಿದೆ. ನನ್ನ ಮಂಚ ಇಲ್ಲ. ನಾನೂ ಇಲ್ಲ. ಸರಿ. ಜನಕಪುರಿ ರೂಮಿಗೆ ನನ್ನ ಪಾಲಿನ ಅಡ್ವಾನ್ಸ್ ಕೊಟ್ಟಾಯಿತು. ಎರಡನೇ ಮಹಡಿ. ಈ ಸಲವೂ ಮೆಟ್ಟಿಲು ಅಳೆಯಲಿಲ್ಲ — ನೆನಪಾದದ್ದೇ ಈಗ. ಹಗ್ಗ ಇದೆಯಲ್ಲ, ನೋಡಿಕೊಂಡರಾಯಿತು.

ಧೈರ್ಯವಾಗಿ ಬರೆಯುತ್ತಿದ್ದೇನೆ, ನಿಜ. ಹೆದರಿಕೆ ಆಗುತ್ತಿದೆ ಅನ್ನುವುದೂ ನಿಜ.

22 ಜುಲೈ, ಶನಿವಾರ

ಬೆಳಿಗ್ಗೆಯಿಂದ ಅಪ್ಪ ಕಾಣಲಿಲ್ಲ. ಎರಡು ಗಂಟೆಗೆ ಬಂದರು. ಅಂಗಿಯೆಲ್ಲ ಬೆವರು, ಜೇಬಿನಲ್ಲಿ ಆ ಹಳೇ ಟೇಪು. ಚೊಂಬು ನೀರು ಗಟಗಟ ಕುಡಿದು, ನನ್ನ ಕಡೆ ನೋಡದೇ ಹೇಳಿದರು.

"ಜನಕಪುರಿ ಮೆಟ್ಟಿಲಲ್ಲಿ ಏಳಡಿವರೆಗೂ ತಿರುಗುತ್ತೆ. ಬಾಗಿಲಲ್ಲಿ ಅಡ್ಡ ಮಲಗಿಸಿ ತಗೊಂಡ್ಹೋಗ್ಬೇಕು. ಕಿಟಕಿ ಪಕ್ಕ ಹಾಕ್ಬೇಡ, ನೀರು ಇಳಿದಿದೆ ಗೋಡೇಲಿ."

ಅವರಿಗೆ ವಿಳಾಸ ಕೊಟ್ಟ ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು.

"ಇಲ್ಲಿಂದ ಇಳಿಸೋದು ಹೇಗಪ್ಪಾ?"

"ಹಗ್ಗ."

ಬಿಡಬೇಕಿತ್ತು. ಬಿಡಲಿಲ್ಲ. "ಜನ ನೋಡ್ತಾರೆ."

ಅಪ್ಪ ಟೇಪು ಸುತ್ತುತ್ತಿದ್ದವರು ನಿಲ್ಲಿಸಿದರು. ಅಡುಗೆಮನೆ ಕಡೆ ನೋಡಿದರು.

"ನೋಡ್ಲಿ."

23 ಜುಲೈ, ಭಾನುವಾರ. ಬೆಳಿಗ್ಗೆ 7.40

ಟೆಂಪೋ ಬಂದಿದೆ. ಅಪ್ಪ ಬನಿಯನ್ನಿನಲ್ಲಿ ಬಾಲ್ಕನಿಯಲ್ಲಿ ನಿಂತು ಗಂಟು ಹಾಕುತ್ತಿದ್ದಾರೆ. ಎದುರು ಬ್ಲಾಕಿನಲ್ಲಿ ಕುರ್ಚಿಗಳು ಹೊರಬಂದಿವೆ. ಗಿರಿಜಮ್ಮನೂ ಬಂದಾಯಿತು.

ಅಪ್ಪ ಕ್ಷಮೆ ಕೇಳಿಲ್ಲ. ನಾನೂ ಕೇಳಿಲ್ಲ. ಅಮ್ಮನ ಆ ಇಪ್ಪತ್ತನಾಲ್ಕು ವರ್ಷವನ್ನು ನಾನು ಮರೆಯುವುದೂ ಇಲ್ಲ. ಮರೆಯಬೇಕಾಗಿಲ್ಲ ಅಂತ ಈಗ ಗೊತ್ತಾಯಿತು. ಅಮ್ಮ ಈಗತಾನೆ ಬಾಲ್ಕನಿಗೆ ಹೋಗಿ, ಗಿರಿಜಮ್ಮನಿಗೂ ಕೇಳುವ ಹಾಗೆ, "ದುರ್ಗದ ಮನೇಗೆ ಮೊದಲು ನಂಗೊಂದು ಮಂಚ. ತಾರಸಿ ಆಮೇಲೆ. ಮಡಚೋದು ತಂದ್ರೆ ನಾನು ಇಲ್ಲೇ ಲಾವಣ್ಯಾ ಜೊತೆ ಇರ್ತೀನಿ," ಅಂದಳು. ಅಪ್ಪನ ಕೈಯಲ್ಲಿ ಗಂಟು ಹಾಗೇ ನಿಂತಿತು. ಆಮೇಲೆ, ತಲೆ ಎತ್ತದೆ, "ಎಷ್ಟಡಿದು ಬೇಕು, ಮನೋರಮಾ?" ಅಂದರು, ಮತ್ತೆ ಅಮ್ಮ —

ಕರೆಯುತ್ತಿದ್ದಾರೆ. ಹಗ್ಗದ ಇನ್ನೊಂದು ತುದಿ ನಾನೇ ಹಿಡಿಯಬೇಕಂತೆ.