ಓದುಗರ ಭೇಟಿಗೆ ಎರಡು ಕುರ್ಚಿ

ಕಾಪು, ಶುಕ್ರವಾರ

ಮಹಾಲಕ್ಷ್ಮಿ ಅವರಿಗೆ ಪಾಸ್ಕಲ್ ಮಾಡುವ ನಮಸ್ಕಾರ.

ನಿಮ್ಮ ಸಂಗೀತದ ಬ್ಲಾಗಿನ ಓದುಗರನ್ನೆಲ್ಲ ಭಾನುವಾರ ಮಣಿಪಾಲದ ಹೋಟೆಲಿಗೆ ಕರೆದಿದ್ದೀರಿ. ‘ಓದಲೇಬೇಕಾದ ಬ್ಲಾಗುಗಳು’ ಎಂಬ ನಿಮ್ಮ ಪಟ್ಟಿಯಲ್ಲಿ ನನ್ನ ರಾಜಕೀಯದ ಬ್ಲಾಗೂ ಇರುವುದರಿಂದ, ನನ್ನ ಓದುಗರನ್ನೂ ಕರೆತರಲು ಹೇಳಿದ್ದೀರಿ.

ದೊಡ್ಡ ಮೇಜು ಹಿಡಿಯಬೇಡಿ. ನಿಮಗೆ ತಪ್ಪದೆ ಕಾಮೆಂಟು ಹಾಕುವ ಮಲ್ಪೆಯ ಬೋಟಿನವರು ಅಂದು ಸಮುದ್ರದಲ್ಲಿರುತ್ತಾರೆ. ಕಾರ್ಕಳದ ಟೀಚರಮ್ಮನಿಗೆ ಮೊಣಕಾಲು ನೋವು. ಕಟಪಾಡಿಯ ಆಟೋದವರಿಗೆ ಮದುವೆ ಬಾಡಿಗೆ ಉಂಟು. ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಅವರು ನಿಮ್ಮ ಬರಹವನ್ನು ಹೊಗಳಿದ್ದು ಮಾತ್ರ ಸುಳ್ಳಲ್ಲ.

ನನ್ನ ಕಡೆಯಿಂದ ಕರೆತರಲು ಇರುವುದು ಒಬ್ಬರೇ, ‘ಕಾಪುವಿನ ಮೀನುಗಾರ’ ಎಂಬ ಹೆಸರಿನಲ್ಲಿ ಬರೆಯುವವರು. ನನ್ನ ಹೆಂಡತಿ ಇಮೆಲ್ಡಾ ತೀರಿಕೊಂಡ ಮೇಲೆ ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ಅವರ ಕಾಮೆಂಟನ್ನೇ. ನಿನ್ನೆ ಅವರನ್ನು ಕರೆಯಲೆಂದು ಕಡಲ ಬದಿಗೆ ಹೋಗಿ ಬೋಟಿನವರನ್ನೆಲ್ಲ ವಿಚಾರಿಸಿದೆ. ಯಾರಿಗೂ ಗೊತ್ತಿಲ್ಲ. ಹಿಂದಿರುಗುವಾಗ ಹೊಳೆಯಿತು. ನಮ್ಮೂರಿನ ಮೀನುಗಾರರು ಯಾರೂ ‘ಭಾಳ ಛಲೋ ಬರ್ದೀರಿ ಸರ’ ಎಂದು ಬರೆಯುವುದಿಲ್ಲ. ಅದು ನಿಮ್ಮ ಗದಗದ ಕಡೆಯ ಮಾತು, ಅಲ್ವಾ?

ಆದ್ದರಿಂದ ಎರಡು ಕುರ್ಚಿ ಸಾಕು. ಒಂದೇ ವಿನಂತಿ. ನಾವು ಭೇಟಿಯಾದ ಮೇಲೆ ಆ ಮೀನುಗಾರರು ಬರೆಯುವುದನ್ನು ನಿಲ್ಲಿಸದಿರಲಿ. ಬೋಟಿನವರು, ಟೀಚರಮ್ಮ, ಆಟೋದವರು ನಿಲ್ಲಿಸದಂತೆ ನಾನು ನೋಡಿಕೊಳ್ಳುತ್ತೇನೆ.

ಇತಿ,
ನಿಮ್ಮ ಓದುಗರೆಲ್ಲರ ಪರವಾಗಿ,
ಪಾಸ್ಕಲ್