ಹನ್ನೊಂದನೆಯ ಮಗು

ಪುರಸಭೆಯ ಆರೋಗ್ಯ ಕಚೇರಿ,
ಉತ್ತರ ಲಂಡನ್
14 ಮಾರ್ಚ್ 1952

ಮಾನ್ಯ ಡಾಕ್ಟರ್ ಟ್ರೆಸಿಲಿಯನ್ ಅವರಿಗೆ,

ಇಂದು ಬೆಳಿಗ್ಗೆ ವಾರ್ಷಿಕ ವರದಿಯ ಕರಡಿನ ಮೇಲೆ ನಿಮ್ಮ ಚಹಾ ಬಟ್ಟಲಿನ ಗುಂಡು ಕಲೆ ಕಂಡೆ. ಅದು ಶಿಶುಮರಣದ ಅಂಕಿಯ ಸುತ್ತಲೇ ಬಿದ್ದಿತ್ತು: ಹತ್ತು.

ಹನ್ನೊಂದನೆಯದು ನನ್ನ ಅಕ್ಕ ಮ್ಯೂರಿಯಲ್‌ಳ ಮಗು. ಹೆರಿಗೆಮನೆಯ ಕಾಗದದಲ್ಲಿ ನೀವು ‘ಸತ್ತೇ ಹುಟ್ಟಿತು’ ಎಂದು ಬರೆದಿರಿ. ಹಾಗೆ ಬರೆದ ಮಗು ಶಿಶುಮರಣದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಹೆಸರನ್ನೂ ದಾಖಲಿಸುವುದಿಲ್ಲ. ಅಕ್ಕ ಅವನನ್ನು ರೋಲಂಡ್ ಎಂದು ಕರೆಯುತ್ತಾಳೆ. ಹೆರಿಗೆ ಮಾಡಿಸಿದ ನರ್ಸ್ ಗಾಸೇಜ್ ನನಗೆ ಹೇಳಿದರು: “ಇಪ್ಪತ್ತು ನಿಮಿಷ ಅಳ್ತಿತ್ತು ಕಣಮ್ಮಾ, ನನ್ನ ಕೈಯಲ್ಲೇ. ಡಾಕ್ಟ್ರಿಗೇನು ಕಿವಿ ಕೇಳಲ್ವಾ?”

ನಾನು ತಡವರಿಸುತ್ತ ನಿಮ್ಮನ್ನು ವಿಚಾರಿಸಿದಾಗ ನೀವು ನಕ್ಕಿರಿ. “ಹನ್ನೊಂದಕ್ಕಿಂತ ಹತ್ತು ಚೆಂದ ಅಲ್ವೇನಮ್ಮಾ? ಸಾಹಿತ್ಯ ಓದಿದವಳು, ನಿಂಗೇ ಗೊತ್ತಿರ್ಬೇಕು!”

ಪುರಸಭೆಯ ಆರೋಗ್ಯ ಸಮಿತಿಯ ಸದಸ್ಯರಿಗೆ ಹೋಗುವ ಕರಡು ಪ್ರತಿಗಳಲ್ಲೆಲ್ಲ ಹನ್ನೊಂದು ಎಂದು ತಿದ್ದಿದ್ದೇನೆ. ಪ್ರತಿಯೊಂದಕ್ಕೂ ಗಾಸೇಜ್ ಸಹಿ ಮಾಡಿದ ಹೇಳಿಕೆಯನ್ನು ಲಗತ್ತಿಸಿ ಮಧ್ಯಾಹ್ನದ ಅಂಚೆಗೆ ಹಾಕಿಯಾಯಿತು.

ಸೋಮವಾರದ ಸಭೆಯಲ್ಲಿ ಎಂದಿನಂತೆ ಆ ಪುಟವನ್ನು ದಯವಿಟ್ಟು ನೀವೇ ಓದಬೇಕು. ನನ್ನ ಹಾಗೆ ಮೆಲ್ಲಗೆ ಓದಬೇಡಿ. ಅಕ್ಕ ಸಾರ್ವಜನಿಕರ ಬೆಂಚಿನಲ್ಲಿ ಕೂತಿರುತ್ತಾಳೆ, ಅವಳಿಗೆ ಕೇಳಿಸಬೇಕು.

ರಾಜೀನಾಮೆ ಬರೆದಿಟ್ಟಿದ್ದೆ, ಈಗಷ್ಟೇ ಹರಿದುಹಾಕಿದೆ. ಸಭೆಯ ನಡಾವಳಿ ಬರೆಯುವವಳು ನಾನೇ. ನೀವು ಕೊಡುವ ಉತ್ತರದಲ್ಲಿ ಒಂದು ಮಾತನ್ನೂ ಬಿಡದೆ ಬರೆದುಕೊಳ್ಳುತ್ತೇನೆ.

ನಿಮ್ಮ ಕಚೇರಿಯ ಗುಮಾಸ್ತೆ,
ಐರೀನ್ ಪಾಸ್ಕೊ